ಹ್ಯಾಂಬರ್ಗಿನ ಕತ್ತಲೆಯ ದೋಣಿ

ಡೊಂಬಿವಲಿಯ ಮನೆಯಿಂದ ಮಧ್ಯಾಹ್ನ ಎರಡಕ್ಕೆ ಹೊರಟ ಟ್ಯಾಕ್ಸಿ ಮುಂಬಯಿ ವಿಮಾನ ನಿಲ್ದಾಣ ಮುಟ್ಟಲು ಎರಡೂವರೆ ಗಂಟೆ ತೆಗೆದುಕೊಂಡಿತು. ದಾರಿಯುದ್ದಕ್ಕೂ ಹೆಂಡತಿ ಕಿಟಕಿಯಾಚೆಯ ಬೋರ್ಡುಗಳನ್ನು ಓದುತ್ತಲೇ ಇದ್ದಳು. ಎರಡು ವರ್ಷದೊಳಗೆ ಅವಳ ಕಣ್ಣು ಪೂರ್ತಿ ಹೋಗುತ್ತದೆಂದು ಥಾಣೆ ಊರಿನ ಕಣ್ಣಿನ ಡಾಕ್ಟರು ಹೇಳಿದ್ದರು. "ಅಷ್ಟರೊಳಗೆ ನೋಡುವಷ್ಟು ನೋಡುವ," ಎಂದವಳು, ತನ್ನ ತಮ್ಮ ಅಡುಗೆ ಕೆಲಸಕ್ಕಿದ್ದ ಜರ್ಮನಿಯ ಹ್ಯಾಂಬರ್ಗನ್ನೇ ಆರಿಸಿದ್ದಳು.

ಅಲ್ಲಿ ಒಂಬತ್ತು ಡಿಗ್ರಿ ಚಳಿ, ಜಿನುಗು ಮಳೆ. ಮೊದಲ ದಿನ ಆಟಿಕೆ ರೈಲುಗಳ ಮ್ಯೂಸಿಯಂ. ಬೆರಳುದ್ದದ ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ರೈಲು ಬರುತ್ತಿತ್ತು, ಹೋಗುತ್ತಿತ್ತು, ಯಾರೂ ಹತ್ತುತ್ತಿರಲಿಲ್ಲ. ಆಗಾಗ ದೀಪಗಳು ತಾವಾಗಿ ಮಂಕಾಗಿ ಇಡೀ ಆಟಿಕೆ ಊರಿಗೆ ರಾತ್ರಿಯಾಗುತ್ತಿತ್ತು.

"ಒಬ್ಬರೂ ನೂಕುವುದಿಲ್ಲ ಮಾರಾಯ್ರೆ. ನೋಡಿದರೆ ಹೆದರಿಕೆ ಆಗ್ತದೆ," ಎಂದಳು, ಇಪ್ಪತ್ತು ವರ್ಷ ಮುಂಬಯಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೊಣಕೈ ಸವೆಸಿದವಳು. ನಾನು ನಕ್ಕೆ. ಆದರೆ ದೀಪ ಮಂಕಾದಾಗಲೆಲ್ಲ ಅವಳ ಕೈ ನನ್ನ ತೋಳನ್ನು ಹುಡುಕುತ್ತಿತ್ತು.

ಮರುದಿನ ಕತ್ತಲೆಯ ಪ್ರದರ್ಶನ; ಕಣ್ಣಿಲ್ಲದವರು ಓಡಾಡುವುದು ಹೇಗೆಂದು ತಿಳಿಯಲು ಕಣ್ಣಿದ್ದವರು ಕತ್ತಲೆ ಕೋಣೆಗಳಲ್ಲಿ ನಡೆಯುವುದು. ತಲೆಗೆ ಇಪ್ಪತ್ತು ಚಿಲ್ಲರೆ ಯೂರೋ. ಹಟ ಹಿಡಿದು ಟಿಕೆಟು ತೆಗೆಸಿದ್ದು ಅವಳೇ. ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಕೈಗೊಂದು ಕೋಲು ಕೊಟ್ಟು ಆರು ಜನರನ್ನು ಒಳಗೆ ಬಿಟ್ಟರು. ದಾರಿ ತೋರಿಸುವಾಕೆ ಹುಟ್ಟಿನಿಂದ ಕಣ್ಣಿಲ್ಲದ ಹೆಂಗಸು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕಪ್ಪು. ಒಳಗೇ ಕಟ್ಟಿದ್ದ ಸಂತೆ ದಾಟಿದೆವು, ಸೇತುವೆ ದಾಟಿದೆವು, ಅಲ್ಲಾಡುವ ದೋಣಿಯೊಂದನ್ನು ಹತ್ತಿದೆವು. ಪಕ್ಕಕ್ಕೆ ಕೈಯಾಡಿಸಿದರೆ ಹೆಂಡತಿ ಇಲ್ಲ.

"ಹೋಯ್!" ಎಂದು ಕೂಗಿದೆ.

"ಅಹೋಯ್! ಅಹೋಯ್!" ಎಂದು ನಾಲ್ಕೂ ಕಡೆಯಿಂದ ಗಂಡುದನಿಗಳು ಓಗೊಟ್ಟವು. ಅದು ಅಲ್ಲಿಯ ನಾವಿಕರ ಕೂಗೆಂದೂ, ದೋಣಿಯಲ್ಲಿದ್ದವರು ನನ್ನದನ್ನು ತಮಾಷೆ ಎಂದುಕೊಂಡರೆಂದೂ ಆಮೇಲೆ ತಿಳಿಯಿತು.

"ಹೆಸರು ಹಿಡಿದು ಕರೆಯಿರಿ," ಎಂದಳು ದಾರಿ ತೋರಿಸುವಾಕೆ, ಇಂಗ್ಲಿಷಿನಲ್ಲಿ.

ಉಡುಪಿ ಕಡೆಯವರಾದ ನಮ್ಮ ಮನೆಯಲ್ಲಿ ಹೆಂಡತಿಗೆ 'ಹೋಯ್' ಎಂದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಅವಳ ಹೆಸರು ನನ್ನ ಬಾಯಿಂದ ಬಂದದ್ದು ಫಾರಂ ತುಂಬಿಸುವಾಗ ಮಾತ್ರ. ದೋಣಿ ಅಲ್ಲಾಡುತ್ತಲೇ ಇತ್ತು.

"ಸುಮತಿ," ಎಂದೆ. ಉತ್ತರವಿಲ್ಲ. "ಸುಮತೀ!"

"ಇಲ್ಲೇ ಇದ್ದೇನೆ." ದನಿ ನನ್ನ ಕಿವಿಯ ಹಿಂದಿನಿಂದಲೇ ಬಂತು.

"ಮತ್ತೆ ಯಾಕೆ ಮಾತಾಡಲಿಲ್ಲ?"

"ಹುಡುಕ್ತೀರಾ ಅಂತ ನೋಡಿದೆ."

ಹೊರಗೆ ಬೆಳಕಿಗೆ ಬಂದಾಗಲೂ ನಾನು ಅವಳ ಕೈ ಬಿಟ್ಟಿರಲಿಲ್ಲ. ತಿರುಗಿ ನೋಡಿದರೆ ಕಪ್ಪು ಬಾಗಿಲು ಆಗಲೇ ಮುಚ್ಚಿತ್ತು. ಕಾಫಿ ಕುಡಿಯುವ ಎಂದೆ. ಸುಮತಿ ಆ ಬಾಗಿಲ ಮುಂದಿನಿಂದ ಕದಲಲಿಲ್ಲ.

"ಇನ್ನೊಂದು ಸಲ ಹೋಗುವ," ಎಂದಳು. "ನನಗಲ್ಲ. ಹೆಸರು ಕರೆದು ನಿಮಗೆ ಅಭ್ಯಾಸ ಆಗಬೇಕು."