ಸುಣ್ಣ ಬಳಿದ ಗೋಡೆಯ ಮುಂದೆ ಎರಡು ಕ್ಯಾಮೆರಾ

ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಕಸುಬು. ಟೇಪು ಹಿಡಿದು ಹಿಡಿದು ಸಾಕಾಗಿ, ಸುತ್ತಲಿನದನ್ನೆಲ್ಲ ಒಮ್ಮೆಗೇ ನೋಡಿ ಕಟ್ಟಡವನ್ನು ಇದ್ದ ಹಾಗೇ ಕಂಪ್ಯೂಟರಿನೊಳಗೆ ಎತ್ತಿಕೊಡುವ ಕ್ಯಾಮೆರಾ ಕೊಳ್ಳೋಣ ಎಂದುಕೊಂಡೆ. ದಾವಣಗೆರೆಯ ಅಂಗಡಿಯವರು ಪರೀಕ್ಷಿಸಿ ನೋಡಿ ಎಂದು ಎರಡನ್ನು ಕೊಟ್ಟರು. ಒಂದು ಅಂಗೈಯಲ್ಲಿ ಹಿಡಿಸುವಂಥದ್ದು. ಮುಂದೊಂದು ಕಣ್ಣು, ಹಿಂದೊಂದು ಕಣ್ಣು. ಅದು ಫೋಟೊಗಳನ್ನು ಒಂದಕ್ಕೊಂದು ಜೋಡಿಸಿಯೇ ಆಕಾರ ಕಟ್ಟುತ್ತದೆ. ಇನ್ನೊಂದು ದಪ್ಪನೆಯದು. ಅದು ಫೋಟೊದ ಜೊತೆಗೆ ಲೇಸರ್ ಬೆಳಕು ಬಿಟ್ಟು ಗೋಡೆ ಎಷ್ಟು ದೂರವಿದೆ ಎಂದು ಅಳೆಯುತ್ತದೆ. ಹೊತ್ತು ತಿರುಗಿದರೆ ಹೆಗಲು ಬಿದ್ದುಹೋಗುತ್ತದೆ.

ನನ್ನ ಮನಸ್ಸು ಚಿಕ್ಕದರ ಮೇಲೇ ಇತ್ತು. ಹೊನ್ನಾಳಿಯ ನಮ್ಮ ಮನೆಯನ್ನು, ಗೋವಿನಕೋವಿಯ ನೆಂಟರ ಮನೆಯನ್ನು ಅದು ಡಬ್ಬಿ, ಕ್ಯಾಲೆಂಡರ್ ಸಮೇತ ಚೆನ್ನಾಗಿ ಹಿಡಿಯಿತು. ಕೆರೆಬಿಳಚಿಯ ಒಂದು ಅಡಿಕೆ ತೋಟದಲ್ಲಿ ಮಾತ್ರ ಒಂದು ಸಾಲಿನ ಮರಗಳನ್ನು ಒಯ್ದು ಇನ್ನೆಲ್ಲಿಯದೋ ಸಾಲಿಗೆ ಅಂಟಿಸಿತು. ಯಾಕೆಂದು ಕೆದಕಿದಾಗ ತಿಳಿಯಿತು: ಇದಕ್ಕೆ ಗುರುತು ಬೇಕು. ಎಲ್ಲವೂ ಒಂದೇ ಥರ ಇದ್ದರೆ ಇದರ ತಲೆ ಕೆಡುತ್ತದೆ. ಇದಕ್ಕೂ ತಲೆ ಕೆಡುತ್ತದಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಜಗಳೂರು ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಕೇರಿಯವರೆಲ್ಲರಿಗೂ ಸೇರಿದ ಹಳೆಯ ಮಣ್ಣುಗೋಡೆಯ ಮನೆಯಲ್ಲಿ ಒಬ್ಬ ಅಕ್ಕ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಗೋಡೆಗಳು ಬಿರುಕು ಬಿಟ್ಟಿದ್ದವು. ಎಂಜಿನಿಯರ್ ಕೆಡವಿ ಎಂದರೆ ಕೆಡವಿಬಿಡೋಣ ಎಂದು ಹಿರಿಯರು ತೀರ್ಮಾನಿಸಿದ್ದರು. ಕೆಡವಿದರೆ ಅಕ್ಕನ ಹೊಲಿಗೆ ಕ್ಲಾಸು ಮುಗಿದಂತೆ. ಅವರ ಮನೆಯಲ್ಲಿ ಒಂದು ಮಿಷನ್ ಇಡಲೂ ಜಾಗವಿಲ್ಲ. ಗೋಡೆಗಳ ಸ್ಥಿತಿ ಎಂಜಿನಿಯರಿಗೆ ಕಾಣುವಂತೆ ಸ್ಕ್ಯಾನ್ ಮಾಡಿಕೊಡುವುದು ನನ್ನ ಕೆಲಸ.

ಹೋಗಿ ನೋಡಿದರೆ ಬಿರುಕೇ ಇಲ್ಲ. ಒಳಗೆಲ್ಲ ಮಣ್ಣು ಮೆತ್ತಿ, ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಬೇರೆ ಕಟ್ಟಿದ್ದರು.

"ಇದೇನಕ್ಕ ಹಿಂಗೆ ಮಾಡಿದ್ರಿ?" ಎಂದು ಕೇಳಿದೆ.

"ಕ್ಯಾಮೆರಾ ತರ್ತೀನಿ ಅಂದಿದ್ರಲ್ರೀ ಮೇಡಂ. ಮುಖ ತೊಳಸದೆ ಫೋಟೊಕ್ಕೆ ನಿಲ್ಸಾಕೆ ಆಗತೈತಾ?" ಎಂದರು ಅಕ್ಕ.

ನನಗೆ ಮೂಗಿನ ತುದಿಯಲ್ಲೇ ಕೋಪ. "ಮೇಲೆ ಥಳುಕು, ಒಳಗೆ ಹುಳುಕು" ಎಂದುಬಿಟ್ಟೆ. ಅಕ್ಕನ ಮುಖ ಸಣ್ಣದಾಯಿತು. ಮಾತು ಆಡಿಯಾಗಿತ್ತು.

ಚಿಕ್ಕ ಕ್ಯಾಮೆರಾ ಹೂಡಿದೆ. ಹುಡುಗಿಯರು ಅದರ ಹಿಂದೆ ನಿಲ್ಲುತ್ತೇವೆ ಎಂದರು. ಇದಕ್ಕೆ ಹಿಂದು ಅನ್ನೋದೇ ಇಲ್ಲ ಎಂದು ಎಲ್ಲರನ್ನೂ ಹೊರಗೆ ಕಳಿಸಿ ನಾನೂ ಹೊರಗೆ ಬಂದೆ. ಬಂದ ಚಿತ್ರದಲ್ಲಿ ಒಂದು ಗೋಡೆಯೇ ಮಾಯ, ಸೂರು ಸೊಟ್ಟಗೆ ನೇತಾಡುತ್ತಿತ್ತು. ಬರೀ ಬಿಳುಪಿನಲ್ಲಿ ಅದಕ್ಕೆ ಒಂದು ಗುರುತೂ ಸಿಕ್ಕಿರಲಿಲ್ಲ. ಕಾರಣ ಹೇಳಿದ್ದೇ ತಡ, ಅಕ್ಕ ಸ್ಟಿಕರ್ ಬೊಟ್ಟಿನ ಹಾಳೆಗಳನ್ನು ತಂದರು. ಹುಡುಗಿಯರು ನಗುತ್ತ ಗೋಡೆಗಳಿಗೆಲ್ಲ ಬೊಟ್ಟು ಹಚ್ಚಿದರು. ಈ ಸಲ ಮನೆ ಸರಿಯಾಗಿ ಕೂಡಿಕೊಂಡಿತು.

ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ನನಗೇ ಅನುಮಾನ ಬಂತು. ಗೋಡೆ ನಿಜವಾಗಿಯೂ ಇಷ್ಟು ನೆಟ್ಟಗಿದೆಯೇ, ಅಥವಾ ಸುಣ್ಣ ನೋಡಿ ಕ್ಯಾಮೆರಾವೂ ಮರುಳಾಯಿತೇ? ದಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿದೆ. ಅದು ಸುತ್ತಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ ನೋಡಿದೆ. ಮೂರು ಗೋಡೆ ನೆಟ್ಟಗಿದ್ದವು. ಪಡುವಣ ಗೋಡೆ ಒಳಮುಖವಾಗಿ ಹೊಟ್ಟೆ ಬಿಟ್ಟಿತ್ತು.

ಅಕ್ಕನನ್ನು ಕರೆದು ತೋರಿಸಿದೆ. ಅವರು ತೆರೆಯ ಮೇಲಿನ ಆ ಉಬ್ಬಿನ ಮೇಲೆ ಬೆರಳಿಟ್ಟರು.

"ಆ ಗೋಡಿ ಬುಡದಾಗೇ ಹುಡುಗೇರು ಕೂರೋದು" ಎಂದರು. ಆಮೇಲೆ ತಾವೇ ಹೇಳಿದರು: "ಫೋಟೊಕ್ಕೆ ಅಂತ ಸುಣ್ಣ ಬಳಿದಿದ್ದು ಪೂರಾ ನಿಜ ಅಲ್ರೀ. ಬಿರುಕು ಕಂಡ್ರೆ ಕೆಡವಿಸ್ತೀರಿ ಅಂತ ಅಂಜಿಕಿ ಆಗಿತ್ತು, ಮುಚ್ಚಿಬಿಟ್ಟೆ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. ಅಕ್ಕ ಅಲ್ಲಿ ನಿಲ್ಲಲಿಲ್ಲ. ಹುಡುಗಿಯರನ್ನು ಕೂಗಿ, ಮಿಷನ್ನುಗಳನ್ನೆಲ್ಲ ಹೊರಗಿನ ಬೇವಿನ ಮರದ ಕೆಳಗೆ ಸಾಗಿಸಿದರು.

ದಪ್ಪ ಕ್ಯಾಮೆರಾವನ್ನೇ ಕೊಂಡೆ. ಹೆಗಲು ಇವತ್ತಿಗೂ ಶಾಪ ಹಾಕುತ್ತದೆ. ಎಂಜಿನಿಯರ್ ಸ್ಕ್ಯಾನ್ ನೋಡಿ, ಬಂದು ಗೋಡೆಗಳನ್ನೂ ತಟ್ಟಿ ನೋಡಿ, ಆ ಒಂದು ಗೋಡೆ ತೆಗೆದು ಕಟ್ಟಿದರೆ ಸಾಕು ಎಂದರು. ಸೂರಿಗೆ ಆಸರೆ ಕೊಟ್ಟು ಕೆಡವುವ ದಿನ ನಾನೂ ಹೋಗಿದ್ದೆ. ಮೊದಲ ಏಟು ತಾನೇ ಹಾಕುತ್ತೇನೆಂದು ಅಕ್ಕ ಹಾರೆ ಇಸಿದುಕೊಂಡರು. ಒಂದೇ ಏಟಿಗೆ ಅವರು ಮೆತ್ತಿದ್ದ ಮಣ್ಣು ಹೆಂಟೆಯಾಗಿ ಉದುರಿತು. ಅದರ ಹಿಂದಿದ್ದ ಬಿರುಕಿನೊಳಗೆ ಅವರ ಕೈ ಮಣಿಕಟ್ಟಿನವರೆಗೂ ಹೋಯಿತು. ಅಕ್ಕ ಕೈ ಹೊರಗೆ ತೆಗೆದು, ಬೇವಿನ ಮರದ ಕೆಳಗೆ ಹೊಲಿಯುತ್ತ ಕೂತಿದ್ದ ಹುಡುಗಿಯರ ಕಡೆ ತಿರುಗಿ, ಎಲ್ಲರೂ ಇದ್ದಾರೆಯೇ ಎಂದು ಎಣಿಸುವವರ ಹಾಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದರು.