ಅಕ್ಕ ನುಂಗುತ್ತಿದ್ದ ಕೀ

ಗುರ್ ಗುರ್ ಎಂದು ಮಣ್ಣು ಮಗುಚುವ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎರಡು ಸಾವಿರದ ಐದೋ ಆರೋ ಇಸವಿ. ಹೇರೋಹಳ್ಳಿಯಲ್ಲಿ ಅಕ್ಕನ ಹೊಸ ಮನೆ, ಪಕ್ಕದ ಖಾಲಿ ಸೈಟಿನಲ್ಲಿ ಹಂದಿಗಳು. ಅಕ್ಕ ಮಡಿಯವಳು. ಊಟಕ್ಕೆ ಮೊದಲು ಹಸುವಿಗೆಂದು ಒಂದು ತುತ್ತು ಎತ್ತಿಡುವವಳು. ಹಂದಿ ಕಾಂಪೌಂಡಿನ ಹತ್ತಿರ ಸುಳಿದರೂ ಕೋಲು ಹಿಡಿದು ಓಡಿಸಿ, ಆ ಜಾಗಕ್ಕೆ ನೀರು ಸುರಿಯುತ್ತಿದ್ದಳು.

ಆ ವರ್ಷ ಅವಳು ಮೂರು ಹೊತ್ತೂ ಉಂಡಳು, ಉಂಡಷ್ಟೂ ಕರಗಿದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಉಂಡಿದ್ದು ನನಗೆ ಸೇರ್ತಾ ಇಲ್ಲ ಕಣೇ. ಒಳಗೆ ಬೇರೆ ಯಾರೋ ಕೂತ್ಕೊಂಡು ತಿಂತಾ ಇದಾರೆ," ಎಂದಳು. ನಗಲಿಲ್ಲ.

ಪ್ಯಾಂಕ್ರಿಯಾಸ್ ಸೋತಿದೆ, ಊಟ ಅರಗಿಸುವ ಎನ್‌ಜೈಮ್ ಅದರಿಂದ ಬರುತ್ತಿಲ್ಲ ಎಂದರು ಡಾಕ್ಟರು. ನಾನು ರಿಟೈರ್ಡ್ ಬಯಾಲಜಿ ಟೀಚರ್. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೇಳಿಕೊಟ್ಟಂತೆಯೇ ಅಕ್ಕನಿಗೂ ಹೇಳಿದೆ: ಅನ್ನ, ಬೇಳೆ, ತುಪ್ಪ ಎಲ್ಲವೂ ಬೀಗ ಹಾಕಿದ ಪೆಟ್ಟಿಗೆಗಳು. ಎನ್‌ಜೈಮ್ ಅಂದರೆ ಕೀ. ಅನ್ನದ ಕೀ ತುಪ್ಪಕ್ಕೆ ಹೊಂದುವುದಿಲ್ಲ. ಒಂದು ಬೀಗ ತೆಗೆದ ಕೀ ತಾನು ಸವೆಯದೆ ಮುಂದಿನ ಬೀಗಕ್ಕೆ ಹೋಗುತ್ತದೆ. ಕೀ ಇಲ್ಲದಿದ್ದರೆ ಪೆಟ್ಟಿಗೆ ತೆರೆಯದೆ ಹಾಗೇ ಹೊರಗೆ ಹೋಗುತ್ತದೆ, ಮೈ ಹಸಿದೇ ಇರುತ್ತದೆ.

ಊಟದ ಜೊತೆ ನುಂಗಲು ಕ್ಯಾಪ್ಸೂಲ್ ಕೊಟ್ಟಿದ್ದರು. ಅಕ್ಕ ಅದನ್ನು ಅಂಗೈಯಲ್ಲಿ ಹೊರಳಿಸಿದಳು.

"ಇದರೊಳಗಿರೋ ಕೀ ಯಾರದ್ದೇ?"

ಹಂದಿಯದು. ಹಂದಿಯ ಪ್ಯಾಂಕ್ರಿಯಾಸಿನಿಂದಲೇ ಅದನ್ನು ತೆಗೆಯುತ್ತಾರೆಂದು ನನಗೆ ಗೊತ್ತಿತ್ತು. ಹೇಳಿದರೆ ಉಗಿದುಬಿಡುತ್ತಾಳೆ, ಉಗಿದರೆ ಉಳಿಯುವುದಿಲ್ಲ.

"ಫ್ಯಾಕ್ಟರಿದು ಅಕ್ಕ," ಎಂದೆ.

ತಿಂಗಳೊಳಗೆ ಕೆನ್ನೆ ತುಂಬಿತು. ಆದರೆ ಅವಳು ತಟ್ಟೆಯ ಮುಂದೆ ಕುಳಿತಳೆಂದರೆ ಕಿಟಕಿಯ ಕೆಳಗೆ ಗುರ್ ಗುರ್ ಶುರು. ಯಾವಾಗಲೂ ಅದೇ ಹಂದಿ, ಒಂದು ಕಿವಿ ಹರಿದದ್ದು. ಅಕ್ಕ ಕ್ಯಾಪ್ಸೂಲ್ ನುಂಗಿದೊಡನೆ ಸದ್ದು ನಿಲ್ಲುತ್ತಿತ್ತು. ಕೋ-ಇನ್ಸಿಡೆನ್ಸ್ ಎಂದುಕೊಂಡು ನಾನು ಕಿಟಕಿ ಮುಚ್ಚುತ್ತಿದ್ದೆ. ಅಕ್ಕ ಮಾತ್ರ ಕೋಲನ್ನು ಮುಟ್ಟುವುದನ್ನೇ ಬಿಟ್ಟಿದ್ದಳು.

ಇದ್ದಕ್ಕಿದ್ದಂತೆ ಹಾರ್ಟ್ ನಿಂತು ಅವಳು ಹೋಗುವುದಕ್ಕೆ ಎರಡು ದಿನ ಮೊದಲು ಅವಳನ್ನು ಕೊನೆಯ ಸಲ ನೋಡಿದೆ. ಮಧ್ಯಾಹ್ನ. ನಾನು ಚಂದ್ರಾ ಲೇಔಟಿನ ನನ್ನ ಮನೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅಕ್ಕ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ಟೀಚರಮ್ಮಾ, ಈಗ್ಲಾದ್ರೂ ಹೇಳೇ. ಯಾರ ಕೀ?"

"ಫ್ಯಾಕ್ಟರಿದು ಅಂತ ಹೇಳಿದ್ನಲ್ಲಾ."

"ಹೂಂ," ಎಂದಳು. ನನ್ನ ಮುಖವನ್ನೇ ನೋಡುತ್ತ ಕ್ಯಾಪ್ಸೂಲ್ ನುಂಗಿದಳು.

ಗೇಟಿನಾಚೆಯಿಂದ ತಿರುಗಿ ನೋಡಿದೆ. ಹಸುವಿಗೆಂದು ಎತ್ತಿಟ್ಟ ತುತ್ತನ್ನು ಅಕ್ಕ ಕಾಂಪೌಂಡಿನಾಚೆ ಬಗ್ಗಿ, ಆ ಕಿವಿಹರುಕಿಯ ಮುಂದೆ ಮೆಲ್ಲಗೆ ಇಡುತ್ತಿದ್ದಳು.