ಕೈ ಕಿವಿ ಮುಟ್ಟಿದ ದಿನ

ವರ್ಷಕ್ಕೆ ಎರಡು ಸಲ ಪದ್ಮನಾಭನ ಮನೆಯ ಉಪ್ಪಿನಕಾಯಿ ಭರಣಿ ಅಟ್ಟ ಹತ್ತುತ್ತಿತ್ತು. ಅದರ ಹಿಂದೆಯೇ ಹಪ್ಪಳದ ಡಬ್ಬ, ತುಪ್ಪ, ಚಟ್ನಿಪುಡಿ. ಆ ದಿನಗಳಲ್ಲಿ ಊಟದ ಹೊತ್ತಿಗೆ ಬಸವೇಶ್ವರನಗರದ ಆ ಮನೆಗೆ ಹೋಗುವ ತಪ್ಪನ್ನು ನಾನು ಒಂದೇ ಒಂದು ಸಲ ಮಾಡಿದ್ದೇನೆ. ಉಪ್ಪು ಕಾಣದ ಸಾರು, ಬೇಯಿಸಿದ ಸೋರೆಕಾಯಿ, ನೀರು ಮಜ್ಜಿಗೆ. ಯಾರಿಗಾದರೂ ಹುಷಾರಿಲ್ಲವೇನೋ ಎಂದು ಕೇಳಿದೆ.

"ಎಲ್ರೂ ಚೆನ್ನಾಗೇ ಇದೀವಿ ಅಣ್ಣ. ಇವರ ಮೆಡಿಕಲ್ಲು ಹತ್ರ ಬಂತು, ಅದಕ್ಕೆ" ಎಂದರು ಅವನ ಹೆಂಡತಿ ಕೋಕಿಲಾ.

ಪದ್ಮನಾಭ ವಿಮಾನದ ಕ್ಯಾಪ್ಟನ್. ಅರವತ್ತು ದಾಟಿದ ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಕಣ್ಣು, ಕಿವಿ, ರಕ್ತ, ಬಿಪಿ, ಇಸಿಜಿ ಎಲ್ಲ ನೋಡುತ್ತಾರೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಎದೆಬಡಿತ ಅಳೆಯುತ್ತಾರೆ. ಎಲ್ಲಿ ಎಡವಿದರೂ ಮನೆಗೆ. ಅಷ್ಟು ಸಾಲದು ಎಂಬಂತೆ, ಪಕ್ಕದ ಸೀಟಿನಲ್ಲಿ ಕೂರುವ ಪೈಲಟ್ ಅರವತ್ತರ ಒಳಗಿನವರೇ ಆಗಿರಬೇಕು. ಅರವತ್ತೈದು ತುಂಬಿತೋ, ಗುಂಡುಕಲ್ಲಿನ ಹಾಗಿದ್ದರೂ ಇಳಿಯಬೇಕು. ನಾನು ಬ್ಯಾಂಕಿನಲ್ಲಿದ್ದವನು. ನಮ್ಮಲ್ಲಿ ಸಕ್ಕರೆ ಮುನ್ನೂರು ದಾಟಿದವರೂ ಕೌಂಟರಿನ ಹಿಂದೆ ಕೂತು ಮೈಸೂರುಪಾಕು ತಿನ್ನುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಇವನ ಪಥ್ಯ ಕಂಡರೆ ನನಗೆ ನಗುವೂ ಬರುತ್ತಿತ್ತು, ರೇಗುತ್ತಲೂ ಇತ್ತು. ಬೆಳಿಗ್ಗೆ ಪಾರ್ಕಿನಲ್ಲಿ ನಡೆದು ಸುಸ್ತಾಗಿ ದರ್ಶಿನಿಯ ಮುಂದೆ ನಿಂತಾಗಲೂ ಅವನು ಬೋಂಡದ ಕಡೆ ತಿರುಗುತ್ತಿರಲಿಲ್ಲ.

"ಒಂದು ಬೋಂಡ ತಿಂದ್ರೆ ವಿಮಾನಕ್ಕೇನಾಗುತ್ತೋ?"

"ವಿಮಾನಕ್ಕೇನೂ ಆಗಲ್ಲ ಕಣೋ ಗೋಪಿ. ಆ ಡಾಕ್ಟ್ರಿಗೆ ಗೊತ್ತಾಗಿಬಿಡುತ್ತೆ."

ಇಂಥವನು ತನ್ನ ಮೊದಲ ಮೆಡಿಕಲ್ಲನ್ನು ಪಾಸು ಮಾಡಿದ್ದು ಮೋಸದಿಂದ. ಅದಕ್ಕೆ ನಾನೇ ಸಾಕ್ಷಿ.

ಆಗ ನಾವಿಬ್ಬರೂ ರಾಜಾಜಿನಗರದ ಒಂದೇ ವಠಾರದಲ್ಲಿದ್ದೆವು. ಜೂನ್ ತಿಂಗಳಲ್ಲಿ ನಮ್ಮಮ್ಮ ನನ್ನನ್ನು ಶಾಲೆಗೆ ಸೇರಿಸಲು ಹೊರಟರೆ, ಪದ್ಮನಾಭ ನನ್ನ ಅಂಗಿ ಹಿಡಿದುಕೊಂಡು ತಾನೂ ಬರುತ್ತೇನೆ ಎಂದು ವಠಾರ ಕಿತ್ತುಹೋಗುವ ಹಾಗೆ ಅತ್ತ. ಅವನ ತಾಯಿ ಅಂಜಮ್ಮನ ಸೊಂಟದಲ್ಲಿ ಇನ್ನೊಂದು ಕೂಸು. ಬೈದರು, ಬೆಲ್ಲ ಕೊಟ್ಟರು, ಕೊನೆಗೆ ಸಾಕಾಗಿ, "ನಡಿ ಮಾರಾಯ, ನೀನೂ ಹೋಗು" ಎಂದು ಅವನನ್ನೂ ಎಳೆದುಕೊಂಡು ಬಂದರು.

ಹುಟ್ಟಿದ ತಾರೀಖನ್ನು ಬರೆದಿಟ್ಟವರು ಆಗ ನಮ್ಮ ವಠಾರದಲ್ಲಂತೂ ಇರಲಿಲ್ಲ. ಹೆಡ್‌ಮೇಷ್ಟ್ರು ಜಗಲಿಯ ಮೇಲೆ ಮೇಜು ಹಾಕಿಕೊಂಡು ಕೂತಿದ್ದರು. ಮಗುವಿಗೆ ಆರು ತುಂಬಿದೆಯೋ ಇಲ್ಲವೋ ನೋಡಲು ಅವರ ಬಳಿ ಇದ್ದದ್ದು ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಡೆಯ ಕಿವಿ ಮುಟ್ಟಬೇಕು. ಮುಟ್ಟಿದರೆ ಸೇರಿಸಿಕೊಳ್ಳುತ್ತಿದ್ದರು. ಮುಟ್ಟದಿದ್ದರೆ ಬರುವ ವರ್ಷ ಬಾ ಎನ್ನುತ್ತಿದ್ದರು. ನನ್ನ ಕೈ ಮುಟ್ಟಿತು. ಪದ್ಮನಾಭನ ಬೆರಳು ಕಿವಿಗಿಂತ ಒಂದಿಷ್ಟು ಮೇಲೆಯೇ ನಿಂತಿತು. ಅವನು ತುಟಿ ಕಚ್ಚಿಕೊಂಡು ಎಳೆದ, ಎಟುಕಲಿಲ್ಲ. ಅಳು ಬರುವ ಹಾಗಾಯಿತು. ಆಗ ಹಿಂದೆ ನಿಂತಿದ್ದ ಅಂಜಮ್ಮ ಒಂದು ಬೆರಳಿನಿಂದ ಅವನ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ಕೈ ಕಿವಿಗೆ ಹೋಗುವ ಬದಲು ಕಿವಿಯೇ ಕೈಗೆ ಬಂತು.

"ಮುಟ್ತು ನೋಡಿ ಮೇಷ್ಟ್ರೇ! ಆರು ತುಂಬಿದೆ ಇವನಿಗೆ."

ಮೇಷ್ಟ್ರು ತಲೆ ಎತ್ತಿದರೋ ಇಲ್ಲವೋ, ಜೂನ್ ಒಂದು ಎಂದು ಬರೆದುಕೊಂಡರು. ಎಲ್ಲರಿಗೂ ಅದನ್ನೇ ಬರೆಯುತ್ತಿದ್ದರು. ನಮ್ಮ ತರಗತಿಯ ಮುಕ್ಕಾಲು ಪಾಲು ಮಕ್ಕಳು ಸರ್ಕಾರದ ಲೆಕ್ಕದಲ್ಲಿ ಒಂದೇ ದಿನ ಹುಟ್ಟಿದವರು. ನಿಜದಲ್ಲಿ ಪದ್ಮನಾಭ ಹುಟ್ಟಿದ್ದು ಮೇಷ್ಟ್ರು ಬರೆದ ತಾರೀಖಿನ ಮರುವರ್ಷದ ರಾಮನವಮಿಯ ದಿನ. ಅವನಿಗೆ ಆಗ ಐದು ತುಂಬಿ ಎರಡು ತಿಂಗಳಾಗಿತ್ತು, ಅಷ್ಟೆ. ಒಂದು ಬೆರಳಿನಿಂದ ಅಂಜಮ್ಮ ಮಗನನ್ನು ಹತ್ತು ತಿಂಗಳು ದೊಡ್ಡವನನ್ನಾಗಿ ಮಾಡಿದ್ದರು.

ಇದು ಅವರ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ, ತಮಾಷೆಯ ಕಥೆಯಾಗಿತ್ತು. ರಾಮನವಮಿಯಂದು ಪಾನಕ, ಕೋಸಂಬರಿ ಮಾಡಿ ಅಂಜಮ್ಮ ಮಗನಿಗೆ ಆರತಿ ಎತ್ತುತ್ತಿದ್ದರು. ಜೂನ್ ಒಂದಕ್ಕೆ ಬರುವುದಕ್ಕೆ 'ಮೇಷ್ಟ್ರ ಹುಟ್ಟುಹಬ್ಬ' ಎಂದು ಹೆಸರಿಟ್ಟಿದ್ದರು. ಆ ದಿನ ನಾನು ಅವನಿಗೆ ಫೋನ್ ಮಾಡಿ ಶುಭಾಶಯ ಹೇಳುತ್ತಿದ್ದೆ, ಅವನು ನನಗೆ ಹೇಳುತ್ತಿದ್ದ. ಇಬ್ಬರೂ ನಗುತ್ತಿದ್ದೆವು.

ಪದ್ಮನಾಭನಿಗೆ ಮದುವೆಯಾದದ್ದು ತಡ, ಮಗಳು ಹುಟ್ಟಿದ್ದು ಇನ್ನೂ ತಡ. ಹೆಸರು ಗಗನಾ. ಆ ಹೆಸರಿಟ್ಟ ಮೇಲೆ ಹುಡುಗಿ ಇನ್ನೇನು ಓದಿಯಾಳು ಎಂದು ನಾನು ರೇಗಿಸುತ್ತಿದ್ದೆ. ಅವಳೂ ಪೈಲಟ್ ಆಗಲು ಓದಿದಳು, ಅಪ್ಪನ ಕಂಪನಿಯಲ್ಲೇ ಕೆಲಸ ಸಿಕ್ಕಿತು. ಅಂದಿನಿಂದ ಪದ್ಮನಾಭನಿಗೆ ಒಂದೇ ಹುಚ್ಚು. ಕೊನೆಯ ದಿನದೊಳಗೆ ಒಮ್ಮೆ, ಎಡಗಡೆಯ ಸೀಟಿನಲ್ಲಿ ತಾನು, ಬಲಗಡೆಯ ಸೀಟಿನಲ್ಲಿ ಮಗಳು.

"ದಿಲ್ಲಿ, ದುಬೈ ಏನೂ ಬೇಡ ಗೋಪಿ. ಹುಬ್ಬಳ್ಳಿಗೆ ಹೋಗಿ ಬಂದ್ರೂ ಸಾಕು. ಮುಂದಿನ ಸಾಲಲ್ಲಿ ಅಮ್ಮನ್ನ ಕೂರಿಸ್ತೀನಿ."

ಎಂಬತ್ತು ದಾಟಿದ ಅಂಜಮ್ಮ ಆ ದಿನಕ್ಕೆಂದು ಒಂದು ಹಸಿರು ರೇಷ್ಮೆ ಸೀರೆ ತೆಗೆದಿಟ್ಟುಕೊಂಡಿದ್ದರು. ಕಂಪನಿಯವರೂ ಒಪ್ಪಿದ್ದರು. ಗಗನಾಳ ತರಬೇತಿ ಏಪ್ರಿಲ್‌ಗೆ ಮುಗಿಯುತ್ತದೆ, ಮೇ ತಿಂಗಳಲ್ಲಿ ಒಂದು ದಿನ ಇಬ್ಬರನ್ನೂ ಒಟ್ಟಿಗೆ ಹಾಕೋಣ ಎಂದಿದ್ದರು. ಜೂನ್ ಒಂದಕ್ಕೆ ಪದ್ಮನಾಭನಿಗೆ ಕಾಗದದ ಮೇಲೆ ಅರವತ್ತೈದು ತುಂಬುತ್ತಿತ್ತು. ಅಂತೂ ಕೈಗೆಟುಕಿತು ಎಂದುಕೊಂಡೆವು.

ಆ ಸಲ ಭರಣಿ ಅಟ್ಟ ಹತ್ತಿದ್ದು ಬಹಳ ಮೊದಲೇ. ಏಪ್ರಿಲ್‌ನ ಪರೀಕ್ಷೆಯಲ್ಲಿ ಪದ್ಮನಾಭ ಹುಡುಗನ ಹಾಗೆ ಪಾಸಾದ. ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಕರೆದುಕೊಂಡು ಹೋಗಿ ಬೋಂಡ ತಿಂದದ್ದು. ಅವನಿಗೆ ಎರಡನೆಯ ತುತ್ತಿಗೇ ಕೆಮ್ಮು ಬಂತು.

ಅದಾದ ವಾರಕ್ಕೆ ಗಗನಾಳ ವರ್ಷದ ಮೆಡಿಕಲ್ ಬಂತು. ಇಪ್ಪತ್ತಾರರ ಹುಡುಗಿಯ ಬಗ್ಗೆ ಯಾರು ಚಿಂತೆ ಮಾಡುತ್ತಾರೆ? ರಕ್ತ ತೆಗೆದು ನೋಡಿದರೆ ಹಿಮೋಗ್ಲೋಬಿನ್ ಇರಬೇಕಾದ್ದಕ್ಕಿಂತ ಕಡಿಮೆ. ತಾತ್ಕಾಲಿಕವಾಗಿ ಅನರ್ಹ, ಔಷಧಿ ತೆಗೆದುಕೊಂಡು ಮೂರು ತಿಂಗಳ ಮೇಲೆ ಬನ್ನಿ ಎಂದರು.

ನಾನು ಹೋದಾಗ ಕೋಕಿಲಾ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಕಣ್ಣು ಕೆಂಪಾಗಿತ್ತು.

"ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಒಂದ್ ಲೋಟ ಕಾಫಿ ಕುಡಿದು ಹೋಗೋಳು ಅಣ್ಣ. ರಾತ್ರಿ ಸಾಕಾಗಿದೆ ಅಂತ ಮಲಗಿಬಿಡೋಳು. ಇವರ ತಟ್ಟೆಗೆ ಉಪ್ಪು ಬಿತ್ತಾ ಅಂತ ನೋಡ್ತಾ ಕೂತೆ. ಅವಳ ತಟ್ಟೇಲಿ ಏನಿದೆ ಅಂತ ನೋಡ್ಲೇ ಇಲ್ಲ."

ಆ ಮನೆಯ ಕಣ್ಣೆಲ್ಲ ಪದ್ಮನಾಭನ ಬಿಪಿಯ ಮೇಲಿತ್ತು, ನನ್ನದೂ ಅಲ್ಲೇ ಇತ್ತು. ಹುಡುಗಿ ಬಿಳಿಚಿಕೊಂಡಿದ್ದನ್ನು ನಾವ್ಯಾರೂ ಗಮನಿಸಲಿಲ್ಲ. ಗಗನಾ ಮಾತ್ರ ನನ್ನೆದುರು ನಕ್ಕಳು. "ಗೋಪಿ ಅಂಕಲ್, ಅಪ್ಪ ಪಾಸು ಮಗಳು ಫೇಲು" ಎಂದು ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಪಾರ್ಕಿನಲ್ಲಿ ನಾನು ಪದ್ಮನಾಭನ ಮೇಲೆ ಹರಿಹಾಯ್ದೆ. ಜೂನ್ ಒಂದಾದ ಮೇಲೂ ಇನ್ನೂ ಹತ್ತು ತಿಂಗಳಿದೆ ನಿನಗೆ, ಕಂಪನಿಯವರಿಗೆ ಹೋಗಿ ಹೇಳು, ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದೆ.

"ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋದೇ ವಯಸ್ಸು ಕಣೋ. ಜೀವಮಾನವೆಲ್ಲ ಅದನ್ನೇ ತೋರಿಸಿಕೊಂಡು ಬಂದು ಈಗ ಅಮ್ಮ ತಲೆ ತಳ್ಳಿದ್ರು ಅಂತ ಹೇಳ್ಲಾ?"

"ಮತ್ತೆ ಈ ಹಾಳು ರೂಲ್ಸು ಯಾಕಿರ್ಬೇಕೋ! ನಿನಗೇನಾಗಿದೆ?"

"ರೂಲ್ಸ್ ಬೈಬೇಡ ಗೋಪಿ. ಹಿಂದೆ ನೂರೆಂಬತ್ತು ಜನ ಕೂತಿರ್ತಾರೆ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು." ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಸೇರಿಸಿದ. "ಅಮ್ಮನ ಮುಂದೆ ಮಾತ್ರ ಈ ಮಾತೆತ್ತಬೇಡ."

ಮೇ ಮೂವತ್ತೊಂದರಂದು ಅವನು ದಿಲ್ಲಿಯಿಂದ ಕೊನೆಯ ವಿಮಾನ ತಂದಿಳಿಸಿದ. ಪಕ್ಕದಲ್ಲಿ ಯಾರೋ ಒಬ್ಬ ಹುಡುಗ ಕೂತಿದ್ದನಂತೆ. ಹೊರಗೆ ಗಗನಾ ಮಲ್ಲಿಗೆ ಹಾರ ಹಿಡಿದು ನಿಂತಿದ್ದಳು. ಅವಳು ಸಮವಸ್ತ್ರ ಹಾಕಿರಲಿಲ್ಲ, ಮಾಮೂಲಿ ಚೂಡಿದಾರದಲ್ಲಿ ಬಂದಿದ್ದಳು. ಅಪ್ಪ ಮಗಳು ಫೋಟೋಗೆ ನಕ್ಕರು.

ಮನೆಯಲ್ಲಿ ಅಂಜಮ್ಮ ಬಾಗಿಲಲ್ಲೇ ಕೇಳಿದರು. "ಗಗನಾನ ಜೊತೆ ಯಾವತ್ತೋ ಹೋಗೋದು?"

"ಇನ್ನು ಆಗಲ್ಲ ಅಮ್ಮ. ಅವಳಿಗೆ ಹುಷಾರಿಲ್ವಲ್ಲ."

"ಹುಷಾರಾದ್ಮೇಲೆ ಹೋದ್ರಾಯ್ತು."

"ನಂಗೆ ವಯಸ್ಸಾಯ್ತಲ್ಲಮ್ಮ. ನಾಳೆಗೆ ಅರವತ್ತೈದು."

"ಯಾರು ಹೇಳಿದ್ದು? ಮೊನ್ನೆ ರಾಮನವಮಿಗೆ ಅರವತ್ನಾಲ್ಕು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ. ಆಮೇಲೆ ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮೇಷ್ಟ್ರ ಹುಟ್ಟುಹಬ್ಬದ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಆಡಿದ್ದನ್ನು ನಾನು ಕೇಳಿಲ್ಲ.

ಜುಲೈನಲ್ಲಿ ಗಗನಾ ಪಾಸಾದಳು. ಹುಬ್ಬಳ್ಳಿಗೇ ಎಷ್ಟು ಸಲ ಹೋಗಿ ಬಂದಳೋ. ಪ್ರತಿ ಸಲ ಅವಳು ಬಂದು ಬ್ಯಾಗು ಇಡುವಾಗ ಪದ್ಮನಾಭ ಪೇಪರಿನಿಂದ ತಲೆ ಎತ್ತದೆ, "ಇವತ್ತು ಕ್ಯಾಪ್ಟನ್ ಯಾರು?" ಎನ್ನುತ್ತಾನೆ. ಅವಳು ಹೆಸರು ಹೇಳುತ್ತಾಳೆ. "ಒಳ್ಳೆಯವನು" ಎನ್ನುತ್ತಾನೆ. ಎಲ್ಲರೂ ಒಳ್ಳೆಯವರೇ. ಭರಣಿ ಈಗ ಊಟದ ಮೇಜಿನ ಮೇಲೇ ಇರುತ್ತದೆ. ಅವನು ಅದರ ಕಡೆ ಕೈ ಚಾಚುವುದಿಲ್ಲ. ಯಾಕೋ ಎಂದರೆ, ರುಚಿ ಹತ್ತುವುದಿಲ್ಲ ಎನ್ನುತ್ತಾನೆ. ಇಷ್ಟು ವರ್ಷ ಆ ದೇಹವನ್ನು ಅಷ್ಟು ಜೋಪಾನ ಮಾಡಿದ್ದು ಯಾತಕ್ಕೆ ಎಂದು ನನಗೆ ಸಂಕಟವಾಗುತ್ತದೆ.

ಈ ಸಲದ ರಾಮನವಮಿಗೆ ಎಂದಿನಂತೆ ಪಾನಕಕ್ಕೆ ಹೋದೆ. ಗಗನಾ ಡ್ಯೂಟಿಗೆ ಹೊರಡಲು ಸಮವಸ್ತ್ರ ಹಾಕಿಕೊಂಡು ನಿಂತಿದ್ದಳು. ಕೋಕಿಲಾ ಆರತಿ ತಟ್ಟೆ ಸಿದ್ಧ ಮಾಡಿ ಅತ್ತೆಯನ್ನು ಕರೆದರು. ಅಂಜಮ್ಮ ಮಂಚ ಬಿಟ್ಟು ಏಳಲಿಲ್ಲ.

"ನನ್ನ ಕೈಯಲ್ಲಿ ಬೇಡಮ್ಮ. ನೀನೇ ಎತ್ತು" ಎಂದರು.

ಪದ್ಮನಾಭ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತ. ಅವರನ್ನು ನಗಿಸಬೇಕಿತ್ತು ಅವನಿಗೆ. ಬೆನ್ನು ನೆಟ್ಟಗೆ ಮಾಡಿ ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಡೆಯ ಕಿವಿ ಹಿಡಿದುಕೊಂಡ.

"ನೋಡಮ್ಮ, ಈಗ ತಳ್ಳೋದೇ ಬೇಡ. ಇವತ್ತಿಗೆ ನಿಜವಾಗ್ಲೂ ಅರವತ್ತೈದು ತುಂಬ್ತು."

ಅಂಜಮ್ಮ ನಗಲಿಲ್ಲ. ಬಗ್ಗಿ, ಅವನ ಬೆರಳುಗಳನ್ನು ಒಂದೊಂದಾಗಿ ಕಿವಿಯಿಂದ ಬಿಡಿಸಿದರು. ಆ ಕೈಯನ್ನು ಕೆಳಗಿಳಿಸಿ ತಮ್ಮ ಮಡಿಲಲ್ಲಿ ಹಿಡಿದುಕೊಂಡರು. ಆಮೇಲೆ ನಮ್ಮ ಯಾರನ್ನೂ ನೋಡದೆ, ಎದುರಿನ ಗೋಡೆಗೆ ಹೇಳಿದರು.

"ಮುಟ್ಲಿಲ್ಲ ಮೇಷ್ಟ್ರೇ. ಇನ್ನೂ ಚಿಕ್ಕವನು ಇವನು. ಬರೋ ವರ್ಷ ಕರ್ಕೊಂಡು ಬರ್ತೀನಿ."

ಅರವತ್ತು ವರ್ಷದ ಗೆಳೆತನದಲ್ಲಿ, ಶಾಲೆಗೆ ಸೇರಿದ ಆ ದಿನದ ನಂತರ, ಪದ್ಮನಾಭ ಅತ್ತದ್ದನ್ನು ನಾನು ಕಂಡದ್ದು ಆಗಲೇ. ಹೊರಗೆ ಗಗನಾಳನ್ನು ಕರೆದೊಯ್ಯುವ ಕಾರು ಬಂದು ನಿಂತಿತ್ತು. ಅವಳು ಟೋಪಿ ತೆಗೆದು ಅಪ್ಪನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು, ಬಲಗಡೆಗೆ.